ಇಸಿಜಿಯ ಗೆರೆ, ಬೆಟ್ಟದ ಗೆರೆ

ಕೆಲವು ವರ್ಷಗಳ ಹಿಂದೆ ಒಂದು ಬೆಳಗಿನ ಜಾವ ಅಮ್ಮ ಎದ್ದು ಕೂತು, ಎದೆ ಹಿಡಿದುಕೊಂಡ ಹಾಗಾಗ್ತಿದೆ ಎಂದಳು. ಆಟೋದಲ್ಲಿ ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಓಡಿದೆ. ಮಂಚದ ಮೇಲೆ ಮಲಗಿಸಿ, ಕೈಕಾಲಿಗೆ ಕ್ಲಿಪ್ಪು ಸಿಕ್ಕಿಸಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿದ ಸಿಸ್ಟರ್, "ಅಮ್ಮಾ, ಮಾತಾಡಬೇಡಿ, ಕೈ ಸಡಿಲ ಬಿಡಿ" ಅಂದರು. ಮಿಷಿನ್ನು ಕಿರ್ರೆನ್ನುತ್ತ ಗುಲಾಬಿ ಚೌಕುಳಿಯ ಕಾಗದದ ಪಟ್ಟಿಯನ್ನು ಹೊರಗೆ ತಳ್ಳತೊಡಗಿತು. ಅದರ ಮೇಲೆ ಕಪ್ಪು ಗೆರೆ. ಏರುತ್ತದೆ, ಧಡಕ್ಕನೆ ಇಳಿಯುತ್ತದೆ, ಸ್ವಲ್ಪ ದೂರ ಸಪಾಟಾಗಿ ಸಾಗಿ ಮತ್ತೆ ಏರುತ್ತದೆ.

ಡಾಕ್ಟರು ಪಟ್ಟಿಯನ್ನು ಬೆಳಕಿಗೆ ಹಿಡಿದು ಚೌಕ ಎಣಿಸಿದರು. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುತ್ತದೆ, ಆದ್ದರಿಂದ ಅಡ್ಡಕ್ಕೆ ಒಂದು ಸಣ್ಣ ಚೌಕ ಎಂದರೆ 0.04 ಸೆಕೆಂಡು, ಮೇಲಕ್ಕೆ 10 ಮಿಲಿಮೀಟರ್ ಎಂದರೆ ಒಂದು ಮಿಲಿವೋಲ್ಟ್. ಅವರು ಓದುತ್ತಿದ್ದದ್ದು ಇಷ್ಟನ್ನೇ: ಎಷ್ಟು ದೂರ, ಎಷ್ಟು ಎತ್ತರ, ಯಾವ ಆಕಾರ. ಒಂದು ಕಡೆ ಗೆರೆ ದಪ್ಪಗಾಗಿ ಸ್ವಲ್ಪ ಮಸುಕಾಗಿತ್ತು. ನನಗೆ ಗಾಬರಿ. ಬೆರಳಿಟ್ಟು ತೋರಿಸಿದೆ. "ಅದು ಮಿಷಿನ್ನಿಂದು. ಅದನ್ನ ನೋಡಬೇಡಿ" ಅಂದರು. ಇನ್ನೆರಡು ಪರೀಕ್ಷೆ ಮಾಡಿಸಿ, ಹೃದಯದ್ದೇನೂ ಅಲ್ಲ ಎಂದು ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಿದರು.

ಅಮ್ಮ ಹುಷಾರಾದಳು. ಆ ಮಾತು ಮಾತ್ರ ನನ್ನಲ್ಲಿ ಉಳಿಯಿತು. ಕಣ್ಣಿಗೆ ಕಾಣುವುದನ್ನೇ ನೋಡಬೇಡಿ ಎನ್ನುವುದು, ಹಾಗೆ ನೋಡದೆ ಇರುವುದೇ ಸರಿಯಾದ ಓದು ಎನ್ನುವುದು. ಆಮೇಲೆ ಅಮೆರಿಕದ ತತ್ವಜ್ಞಾನಿ ನೆಲ್ಸನ್ ಗುಡ್‌ಮನ್ 1968ರಲ್ಲಿ ಪ್ರಕಟಿಸಿದ 'ಲ್ಯಾಂಗ್ವೇಜಸ್ ಆಫ್ ಆರ್ಟ್' ಓದುವಾಗ ಇಸಿಜಿ ಎದುರಾಗಿ ಬೆಚ್ಚಿದೆ. ಗುಡ್‌ಮನ್ ಒಂದು ಇಸಿಜಿಯ ತುಣುಕನ್ನೂ ಜಪಾನಿನ ಹೊಕುಸಾಯ್ ಬರೆದ ಫ್ಯೂಜಿ ಬೆಟ್ಟದ ರೇಖಾಚಿತ್ರವನ್ನೂ ಪಕ್ಕಪಕ್ಕ ಇಡುತ್ತಾರೆ. ಬಿಳಿಯ ಮೇಲೆ ಕಪ್ಪು ಗೆರೆ, ಎರಡರಲ್ಲೂ ಒಂದೇ ಥರ, ಕೂದಲೆಳೆಯ ವ್ಯತ್ಯಾಸವೂ ಇಲ್ಲ ಎಂದಿಟ್ಟುಕೊಳ್ಳಿ. ಆದರೂ ಒಂದು ಚಿತ್ರ, ಇನ್ನೊಂದು ನಕ್ಷೆ. ಏಕೆ?

ಬೆಟ್ಟ ಸುಂದರ, ಹೃದಯದ ಬಡಿತ ಬರೀ ಮಾಹಿತಿ, ಅದಕ್ಕೇ ಎನ್ನುವ ಉತ್ತರ ಅವರಿಗೆ ಒಪ್ಪಿಗೆಯಿಲ್ಲ. ಬೆಟ್ಟದ ಗೆರೆಯೇ ಒಂದು ಭೂಗೋಳದ ನಕ್ಷೆಯಲ್ಲೂ ಇರಬಹುದು, ಹೃದಯದ ಬಡಿತವನ್ನೇ ಒಬ್ಬ ಕಲಾವಿದ ಬರೆಯಬಹುದು. ವ್ಯತ್ಯಾಸ ಇರುವುದು ಗೆರೆಯ ಯಾವ ಯಾವ ಗುಣ ಲೆಕ್ಕಕ್ಕೆ ಬರುತ್ತದೆ ಎಂಬಲ್ಲಿ. ಇಸಿಜಿಯಲ್ಲಿ ಗೆರೆ ದಪ್ಪವೋ ತೆಳುವೋ, ಶಾಯಿ ಕಪ್ಪೋ ನೀಲಿಯೋ, ಕಾಗದ ನಯವೋ ಒರಟೋ ಎಂಬುದು ಗಣನೆಗೇ ಇಲ್ಲ. ಹೊಕುಸಾಯ್‌ನ ಗೆರೆಯಲ್ಲಿ ಅದೆಲ್ಲವೂ ಲೆಕ್ಕ. ಕುಂಚ ಎಲ್ಲಿ ಒತ್ತಿತು, ಎಲ್ಲಿ ತೇಲಿತು, ಮಸಿ ಎಲ್ಲಿ ಒಣಗಿತು, ಯಾವುದನ್ನೂ 'ಅದು ಕುಂಚದ್ದು' ಎಂದು ತಳ್ಳಿಹಾಕಲು ಬರುವುದಿಲ್ಲ. ಈ ತುಂಬುತನವನ್ನು ಗುಡ್‌ಮನ್ ಕಲೆಯ ಲಕ್ಷಣಗಳಲ್ಲಿ ಒಂದು ಎಂದು ಕರೆದರು. ಲಕ್ಷಣ ಎಂದರೆ ಇಲ್ಲಿ ರೋಗಲಕ್ಷಣ ಎನ್ನುವ ಅರ್ಥದಲ್ಲಿ. ಜ್ವರವಿದ್ದ ಮಾತ್ರಕ್ಕೆ ಟೈಫಾಯ್ಡ್ ಎನ್ನಲಾಗದು, ಆದರೆ ಜ್ವರವನ್ನು ವೈದ್ಯರು ಕಡೆಗಣಿಸುವುದೂ ಇಲ್ಲ.

ಮನುಷ್ಯನನ್ನು ಸ್ವಲ್ಪ ಪರಿಚಯಿಸಿಕೊಳ್ಳೋಣ. ಗುಡ್‌ಮನ್ ಹುಟ್ಟಿದ್ದು 1906ರಲ್ಲಿ, ಮ್ಯಾಸಚೂಸೆಟ್ಸ್‌ನ ಸೋಮರ್‌ವಿಲ್‌ನಲ್ಲಿ. 1928ರಲ್ಲಿ ಹಾರ್ವರ್ಡ್‌ನಿಂದ ಪದವಿ. ಪಿಎಚ್‌ಡಿ ಸಿಕ್ಕಿದ್ದು 1941ರಲ್ಲಿ. ನಡುವಿನ ಹದಿಮೂರು ವರ್ಷಗಳಲ್ಲಿ ಹೆಚ್ಚಿನ ಕಾಲ ಅವರು ಬಾಸ್ಟನ್ನಿನಲ್ಲಿ ವಾಕರ್-ಗುಡ್‌ಮನ್ ಎಂಬ ಚಿತ್ರಶಾಲೆ ನಡೆಸಿದರು. ಚಿತ್ರ ಕೊಳ್ಳುವುದು, ಮಾರುವುದು, ಅಸಲಿಯೋ ನಕಲಿಯೋ ಎಂದು ತಲೆಕೆಡಿಸಿಕೊಳ್ಳುವುದು ಹೊಟ್ಟೆಪಾಡಾಗಿದ್ದ ವ್ಯಕ್ತಿ, ಅದರ ಜೊತೆಗೇ ಗಣಿತದಷ್ಟು ಬಿಗಿಯಾದ ತರ್ಕಶಾಸ್ತ್ರ ಬರೆಯುತ್ತಿದ್ದ. ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದಾಗ ಅವರ ವಿದ್ಯಾರ್ಥಿಗಳಲ್ಲೊಬ್ಬ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ. ಹೆಂಡತಿ ಕ್ಯಾಥರೀನ್ ಸ್ಟರ್ಜಿಸ್ ಚಿತ್ರಕಲಾವಿದೆ. 1998ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕಿನಲ್ಲಿ ತರ್ಕ ಒಂದು ಕೋಣೆ, ಕಲೆ ಇನ್ನೊಂದು ಕೋಣೆ ಎಂಬ ವಿಂಗಡಣೆ ಇದ್ದಂತೆ ಕಾಣುವುದಿಲ್ಲ. ಅವರ ತತ್ವಚಿಂತನೆಯನ್ನು ನಾನು ನಂಬುವುದಕ್ಕೆ ಇದೂ ಒಂದು ಕಾರಣ.

ಅವರ ಇನ್ನೊಂದು ವಿಚಾರವನ್ನು ಅರ್ಥ ಮಾಡಿಕೊಳ್ಳಲು ನಮ್ಮೂರಿನ ಮ್ಯಾಚಿಂಗ್ ಸೆಂಟರಿಗೆ ಹೋದರೆ ಸಾಕು. ಹೊಸ ಸೀರೆಗೆ ಫಾಲ್, ಲೈನಿಂಗು, ಬ್ಲೌಸ್ ಪೀಸು ಬೇಕು. ಅಮ್ಮ ಸೀರೆಯ ಸೆರಗಿನ ಒಳಬದಿಯಿಂದ ಬೆರಳಗಲದ ತುಣುಕು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡು ಹೋಗುತ್ತಾಳೆ. ಅಂಗಡಿಯ ಹುಡುಗ ಥಾನುಗಳನ್ನು ಎಳೆದು ಹಾಕುತ್ತಾನೆ. ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಹೊಂದುತ್ತದೆ. ಅಮ್ಮ ಒಪ್ಪುವುದಿಲ್ಲ. ತುಣುಕನ್ನೂ ಬಟ್ಟೆಯ ಅಂಚನ್ನೂ ಹಿಡಿದು ಅಂಗಡಿಯ ಮೆಟ್ಟಿಲಿಳಿದು ಬಿಸಿಲಿಗೆ ನಿಲ್ಲುತ್ತಾಳೆ. "ಇದು ಕೆಂಪಿಗೆ ತಿರುಗುತ್ತೆ, ನನ್ನದು ಬದನೇಕಾಯಿ" ಎಂದು ಮರಳಿ ಒಳಗೆ. ಆ ತುಣುಕಿನ ಅಳತೆ, ಅದರ ಹರಿದ ಅಂಚು, ಅದನ್ನು ಕತ್ತರಿಸಿದ ದಿನ ಯಾವುದೂ ಅಲ್ಲಿ ಮುಖ್ಯವಲ್ಲ. ಬಣ್ಣ ಮತ್ತು ನೇಯ್ಗೆ ಮಾತ್ರ ಮುಖ್ಯ. ತುಣುಕಿಗೆ ಆ ಗುಣಗಳು ಇವೆ, ಜೊತೆಗೆ ಅದು ಅವುಗಳ ಕಡೆಗೆ ಬೆರಳು ತೋರಿಸುತ್ತಿದೆ.

ಗುಡ್‌ಮನ್ ಹೇಳುವ ಕಥೆ ಇದಕ್ಕೆ ತೀರ ಹತ್ತಿರದ್ದು. ಸೋಫಾಕ್ಕೆ ಹೊದಿಕೆ ಹಾಕಿಸಬೇಕೆಂದ ಹೆಂಗಸೊಬ್ಬಳು ಸ್ಯಾಂಪಲ್ ಪುಸ್ತಕ ನೋಡಿ, ಬಟ್ಟೆ ಥೇಟು ಇದರ ಹಾಗೇ ಇರಬೇಕು ಎಂದು ತಾಕೀತು ಮಾಡುತ್ತಾಳೆ. ಗಂಟು ಬಂದು ಬಿಚ್ಚಿದರೆ ಸ್ಯಾಂಪಲ್ಲಿನ ಅಳತೆಯ, ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ ನೂರಾರು ತುಣುಕುಗಳು ನೆಲದ ತುಂಬ ಹರಡುತ್ತವೆ. ಅಂಗಡಿಯವರು ಮಾತು ತಪ್ಪಿಲ್ಲ, ಥೇಟು ಹಾಗೇ ಕಳಿಸಿದ್ದಾರೆ. ಮಾದರಿಯೊಂದು ತನ್ನ ಎಲ್ಲ ಗುಣಗಳಿಗೂ ಮಾದರಿಯಲ್ಲ. ಯಾವುದಕ್ಕೆ ಮಾದರಿ ಎಂಬುದು ಬಳಕೆಯಿಂದ, ರೂಢಿಯಿಂದ ಗೊತ್ತಾಗುವ ಸಂಗತಿ.

ಈ ಸಣ್ಣ ವಿಷಯದಿಂದ ಅವರು ಎಷ್ಟು ದೊಡ್ಡ ಬಾಗಿಲು ತೆರೆದರು ನೋಡಿ. ಯಾವುದರ ಚಿತ್ರವೂ ಅಲ್ಲದ, ಬರೀ ಬಣ್ಣದ ಪಟ್ಟೆಗಳಿರುವ ಅಮೂರ್ತ ಚಿತ್ರ ಏನನ್ನು ಹೇಳುತ್ತದೆ ಎಂದು ನಾವು ಕೇಳುತ್ತೇವೆ. ಅದು ಏನನ್ನೂ ವರ್ಣಿಸುತ್ತಿಲ್ಲ. ಬಟ್ಟೆಯ ತುಣುಕಿನ ಹಾಗೆ ತನ್ನಲ್ಲಿರುವ ಬಣ್ಣವನ್ನೋ ಲಯವನ್ನೋ ತೂಕವನ್ನೋ ಎತ್ತಿ ತೋರಿಸುತ್ತಿದೆ. ಬೂದು ಚಿತ್ರವೊಂದು ದುಃಖ ಸೂಸುತ್ತದೆ ಎಂದಾಗಲೂ ಅಷ್ಟೇ. ಚಿತ್ರಕ್ಕೆ ಬೂದುಬಣ್ಣ ವಾಚ್ಯಾರ್ಥದಲ್ಲಿ ಇದೆ, ದುಃಖ ಲಕ್ಷಣಾರ್ಥದಲ್ಲಿ ಇದೆ, ಎರಡನ್ನೂ ಅದು ಎತ್ತಿ ತೋರಿಸಬಲ್ಲದು. ಬರೆದವನು ದುಃಖಿಯಾಗಿದ್ದನೇ, ನೋಡುವವಳು ಅತ್ತಳೇ ಎಂಬುದು ಬೇರೆಯೇ ಮಾತು. ಆ ಚಿತ್ರ ನೋಡಿ ಚಿತ್ರಶಾಲೆಯಿಂದ ಹೊರಗೆ ಬಂದ ಮೇಲೆ ಮೋಡ ಕವಿದ ರಸ್ತೆಯಲ್ಲಿ ನಾಲ್ಕಾರು ಬಗೆಯ ಬೂದು ಕಾಣತೊಡಗಿದರೆ, ಅಲ್ಲಿ ಆದದ್ದು ಕಲಿಕೆ. ನಮ್ಮ ಭಾವನೆಗಳೂ ಇಂಥ ಕಲಿಕೆಯ ಸಲಕರಣೆಗಳು ಎಂದು ಗುಡ್‌ಮನ್ ವಾದಿಸಿದರು. ನಾಟಕ ನೋಡುವಾಗಿನ ಅಳುಕಿನಿಂದಲೇ ಆ ಪಾತ್ರದ ಏನೋ ಒಂದು ತಿಳಿಯುತ್ತದೆ, ಬೆರಳ ತುದಿಯಿಂದ ರೇಷ್ಮೆಯ ನಯ ತಿಳಿದ ಹಾಗೆ. ಬುದ್ಧಿ ವಿಜ್ಞಾನಕ್ಕೆ, ಭಾವ ಕಲೆಗೆ ಎಂಬ ಹಂಚಿಕೆಯನ್ನು ಇಷ್ಟು ನೇರವಾಗಿ ಅಲ್ಲಗಳೆದ ತತ್ವಜ್ಞಾನಿಗಳು ಕಡಿಮೆ.

ಇನ್ನು ವಿಜ್ಞಾನದ ಕಡೆ. ಗುಡ್‌ಮನ್ ಹೆಸರು ತತ್ವಶಾಸ್ತ್ರದ ತರಗತಿಗಳಲ್ಲಿ ಉಳಿದಿರುವುದು ಬಹುಮಟ್ಟಿಗೆ ಒಂದು ವಿಚಿತ್ರ ಪದದಿಂದ, 1955ರ ಆಸುಪಾಸಿನಲ್ಲಿ ಬಂದ 'ಫ್ಯಾಕ್ಟ್, ಫಿಕ್ಷನ್ ಅಂಡ್ ಫೋರ್‌ಕಾಸ್ಟ್' ಪುಸ್ತಕದ 'ಗ್ರೂ'. ಹಸಿರಿನ ತಲೆಗೆ ನೀಲಿಯ ಬಾಲ ಅಂಟಿಸಿದ ಪದ. ಕನ್ನಡದಲ್ಲಿ 'ಹಸೀಲಿ' ಅನ್ನೋಣ. ಈವರೆಗೆ ಪರೀಕ್ಷಿಸಿದ ಪಚ್ಚೆಕಲ್ಲುಗಳೆಲ್ಲ ಹಸಿರು, ಆದ್ದರಿಂದ ಪಚ್ಚೆಗಳೆಲ್ಲ ಹಸಿರು ಎಂದು ನಾವು ನಂಬುತ್ತೇವೆ. ಈಗ ಹಸೀಲಿಯ ಅರ್ಥ ಕೇಳಿ. 2050ರ ಜನವರಿ 1ಕ್ಕೆ ಮೊದಲು ಪರೀಕ್ಷಿಸಿದ ವಸ್ತು ಹಸಿರಾಗಿದ್ದರೆ ಅದು ಹಸೀಲಿ. ಅಷ್ಟರೊಳಗೆ ಯಾರೂ ಪರೀಕ್ಷಿಸಿರದ ವಸ್ತು ನೀಲಿಯಾಗಿದ್ದರೆ ಅದು ಹಸೀಲಿ. ಯಾವ ಕಲ್ಲೂ ರಾತ್ರೋರಾತ್ರಿ ಬಣ್ಣ ಬದಲಿಸುತ್ತದೆ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಈವರೆಗೆ ನೋಡಿದ ಪ್ರತಿಯೊಂದು ಪಚ್ಚೆಯೂ ಹಸಿರು ಹೌದು, ಹಸೀಲಿಯೂ ಹೌದು. ಹಾಗಾದರೆ ಎಲ್ಲ ಪಚ್ಚೆಗಳೂ ಹಸೀಲಿ ಎಂಬುದಕ್ಕೂ ನಮ್ಮ ಕೈಯಲ್ಲಿ ಅಷ್ಟೇ ಸಾಕ್ಷ್ಯ ಇದೆ. ಅದನ್ನು ನಂಬಿದರೆ ಆ ದಿನದವರೆಗೂ ಗಣಿಯೊಳಗೇ ಉಳಿದ ಪಚ್ಚೆಗಳು ನೀಲಿ ಎನ್ನಬೇಕಾಗುತ್ತದೆ!

ಮೊದಲ ಸಲ ಓದಿದಾಗ ಇದು ಶಬ್ದಚಮತ್ಕಾರ ಅನ್ನಿಸುತ್ತದೆ. ಹಸೀಲಿಯ ಅರ್ಥದೊಳಗೆ ತಾರೀಖು ತುರುಕಿದ್ದೇ ತಪ್ಪು ಎಂದುಬಿಡಲು ನಾಲಿಗೆ ತುರಿಸುತ್ತದೆ. ಗುಡ್‌ಮನ್ ಅದಕ್ಕೂ ಉತ್ತರ ಇಟ್ಟಿದ್ದಾರೆ. ಹಸೀಲಿ ಮತ್ತು ಅದರ ಜೋಡಿ 'ನೀಸಿರು' ಎಂಬ ಪದಗಳನ್ನೇ ತೊಟ್ಟಿಲಿನಿಂದ ಆಡಿ ಬೆಳೆದ ಜನರಿದ್ದರೆ, ಅವರಿಗೆ ನಮ್ಮ 'ಹಸಿರು' ಎಂಬ ಪದವನ್ನು ವಿವರಿಸಲು ತಾರೀಖು ಬೇಕಾಗುತ್ತದೆ. ಹಾಗಾದರೆ ನಮ್ಮ ಪದಕ್ಕೆ ಮೇಲುಗೈ ಎಲ್ಲಿಂದ ಬಂತು? ಅವರ ಉತ್ತರ ಒಂದೇ: ರೂಢಿ. ಹಸಿರು ಎಂಬ ಪದ ನಮ್ಮ ಹಿಂದಿನ ಸಾವಿರಾರು ಊಹೆಗಳಲ್ಲಿ ದುಡಿದು ಬೇರೂರಿದೆ, ಹಸೀಲಿ ಇನ್ನೂ ಬೀಜವೂ ಆಗಿಲ್ಲ. ನಮ್ಮ ಭಾಷೆಯಲ್ಲಂತೂ ಪಚ್ಚೆ ಎಂದರೆ ಕಲ್ಲೂ ಹೌದು, ಬಣ್ಣವೂ ಹೌದು. ಇದಕ್ಕಿಂತ ಆಳಕ್ಕೆ ಬೇರು ಇಳಿಯುವುದುಂಟೆ!

ಕಲೆಯ ಬಗ್ಗೆ ಬರೆಯುವಾಗಲೂ ಅವರು ಇದೇ ಬೇರನ್ನು ಮುಟ್ಟುತ್ತಾರೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಚಿತ್ರವೊಂದು ಸಹಜವಾಗಿದೆ, ಇದ್ದದ್ದು ಇದ್ದ ಹಾಗೇ ಇದೆ ಎನ್ನುತ್ತೇವಲ್ಲ, ಹೋಲಿಕೆಗಿಂತ ಹೆಚ್ಚಾಗಿ ಅದು ಅಭ್ಯಾಸದ ಫಲ ಎನ್ನುತ್ತಾರೆ ಗುಡ್‌ಮನ್. ನಮಗೆ ರೂಢಿಯಾದ ಬರೆಯುವ ಕ್ರಮದಲ್ಲಿ ಬರೆದದ್ದು ಸಹಜವಾಗಿ ಕಾಣುತ್ತದೆ. ಲೇಖಕಿ ಗರ್ಟ್ರೂಡ್ ಸ್ಟೈನ್ ಅವರ ಭಾವಚಿತ್ರ ಅವರ ಹಾಗಿಲ್ಲ ಎಂದು ದೂರಿದವರಿಗೆ, ಮುಂದೆ ಅವರೇ ಅದರ ಹಾಗೆ ಆಗುತ್ತಾರೆ ಬಿಡಿ ಎಂಬರ್ಥದಲ್ಲಿ ಅದನ್ನು ಬರೆದ ಪಿಕಾಸೊ ಹೇಳಿದನೆಂಬ ಪ್ರಸಂಗವನ್ನು ಗುಡ್‌ಮನ್ ನೆನೆಯುತ್ತಾರೆ. ವಿಜ್ಞಾನಿಯ ಮುಂದಿನ ಊಹೆಯನ್ನು ನಡೆಸುವುದೂ ರೂಢಿ, ಚಿತ್ರ ನೋಡುವವನ ಕಣ್ಣನ್ನು ತಿದ್ದಿರುವುದೂ ರೂಢಿ. ಆ ರೂಢಿಯನ್ನು ಮುರಿದು ಹೊಸ ವರ್ಗೀಕರಣ ತರುವ ಕೆಲಸವನ್ನು ಎರಡೂ ಕಡೆಯ ಪ್ರತಿಭಾವಂತರು ಮಾಡುತ್ತಾರೆ. ವಿಜ್ಞಾನಿ, ಕಲಾವಿದ ಇಬ್ಬರ ಕಸುಬಿಗೂ ಇಷ್ಟು ಹತ್ತಿರದ ನಂಟಿದೆ ಎಂದು ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ಕಣ್ಣು ಹೇಗೆ ತಿದ್ದಿಸಿಕೊಳ್ಳುತ್ತದೆ ಎಂಬುದಕ್ಕೆ ಅವರು ಕೊಡುವ ಉದಾಹರಣೆ ನೆದರ್‌ಲ್ಯಾಂಡ್ಸಿನ ನಕಲಿಗಾರ ಹಾನ್ ವಾನ್ ಮೇಗೆರೆನ್‌ನದು. 1937ರಲ್ಲಿ ಅವನು ಬರೆದ ಕ್ರಿಸ್ತನ ಚಿತ್ರವೊಂದನ್ನು ಹಳೆಯ ಡಚ್ ಚಿತ್ರಕಾರ ವರ್ಮೀರ್ ವಿಷಯದಲ್ಲಿ ದೊಡ್ಡ ಹೆಸರಾಗಿದ್ದ ಅಬ್ರಹಾಂ ಬ್ರೇಡಿಯಸ್, ವರ್ಮೀರನ ಮಹಾಕೃತಿ ಎಂದು ಕೊಂಡಾಡಿದರು. ರಾಟರ್‌ಡ್ಯಾಮಿನ ಬಾಯ್ಮನ್ಸ್ ಸಂಗ್ರಹಾಲಯಕ್ಕೆ ಅದು ಹೋಯಿತು. ಮುಂದೆ ಇಂಥದ್ದೇ ಒಂದು 'ವರ್ಮೀರ್' ನಾಜಿ ನಾಯಕ ಗ್ಯೋರಿಂಗ್ ಕೈ ಸೇರಿತು. ಯುದ್ಧ ಮುಗಿದ ಮೇಲೆ, ದೇಶದ ಆಸ್ತಿಯನ್ನು ಶತ್ರುವಿಗೆ ಮಾರಿದ ಆರೋಪದ ಮೇಲೆ 1945ರಲ್ಲಿ ಬಂಧನವಾದಾಗ, ಅದನ್ನು ಬರೆದವನು ನಾನೇ ಎಂದು ಮೇಗೆರೆನ್ ಬಾಯಿಬಿಟ್ಟ. ನಂಬದವರ ಕಣ್ಣೆದುರೇ ಇನ್ನೊಂದನ್ನು ಬರೆದು ತೋರಿಸಿದ. ಇಂದು ಆ ಚಿತ್ರಗಳನ್ನು ವರ್ಮೀರನ ಪಕ್ಕ ಇಟ್ಟರೆ ಕಲೆಯ ಗಂಧವಿಲ್ಲದವರಿಗೂ ವ್ಯತ್ಯಾಸ ಹೊಡೆದು ಕಾಣುತ್ತದೆ. ಅಂದು ಪಂಡಿತನ ಕಣ್ಣಿಗೆ ಬೀಳದ್ದು ಇಂದು ನಮಗೆ ಬೀಳುವುದು ಹೇಗೆ? ಅಂದು ಅವು ವರ್ಮೀರನ ಗುಂಪಿಗೆ ಸೇರಿದ್ದವು, ಮುಂದಿನದನ್ನು ಅಳೆಯಲು ಅವೇ ಅಳತೆಗೋಲಾಗಿದ್ದವು. ಈಗ ಮೇಗೆರೆನ್‌ನದೇ ಪ್ರತ್ಯೇಕ ಗುಂಪಾಗಿದೆ. ಗುಂಪು ಬದಲಾದ ಮೇಲೆ ಕಣ್ಣಿಗೆ ಕಾಣುವುದೂ ಬದಲಾಯಿತು. ಆದ್ದರಿಂದಲೇ, ನಕಲಿಗೂ ಅಸಲಿಗೂ ಇಂದು ನನಗೆ ವ್ಯತ್ಯಾಸ ಕಾಣದಿದ್ದರೂ, ಒಂದು ನಕಲಿ ಎಂದು ತಿಳಿದಿರುವುದು ನನ್ನ ನೋಟಕ್ಕೆ ಕೆಲಸ ಕೊಡುತ್ತದೆ, ನಾಳೆ ಕಾಣಬಹುದಾದ್ದಕ್ಕೆ ಇಂದೇ ಕಣ್ಣು ಹದಮಾಡುತ್ತದೆ. ಚಿತ್ರಶಾಲೆ ನಡೆಸಿದವರ ಅನುಭವ ಈ ವಾದದಲ್ಲಿ ಮಾತಾಡುತ್ತಿದೆ.

ಚಿತ್ರವನ್ನು ನಕಲು ಮಾಡಬಹುದು, ಸಂಗೀತ ಸಂಯೋಜಕ ಹೇಡನ್‌ನ ಸಿಂಫನಿಯನ್ನು ಹಾಗೆ ನಕಲು ಮಾಡಲು ಬರುವುದಿಲ್ಲ. ಸ್ವರಲಿಪಿಯನ್ನು ಸರಿಯಾಗಿ ಪಾಲಿಸಿದ ಪ್ರತಿಯೊಂದು ವಾದನವೂ ಆ ಸಿಂಫನಿಯೇ. ಇಲ್ಲಿಂದ ಮುಂದೆ ಗುಡ್‌ಮನ್ ಇಡುವ ಹೆಜ್ಜೆಯ ಜೊತೆ ನಾನು ಹೋಗಲಾರೆ. ಒಂದೇ ಒಂದು ಸ್ವರ ತಪ್ಪಿದರೂ, ಎಷ್ಟೇ ಸೊಗಸಾಗಿ ನುಡಿಸಿದರೂ, ಅದು ಆ ಕೃತಿಯಲ್ಲ ಎನ್ನುತ್ತಾರೆ. ಒಂದನ್ನು ಬಿಟ್ಟರೆ ಎರಡನ್ನು, ಎರಡನ್ನು ಬಿಟ್ಟರೆ ಮೂರನ್ನು ಬಿಡಬೇಕಾಗುತ್ತದೆ, ಕೊನೆಗೆ ಯಾವ ಕೃತಿ ಬೇಕಾದರೂ ಯಾವುದಾದರೂ ಆಗಿಬಿಡುತ್ತದೆ ಎಂಬುದು ಅವರ ಭಯ. ತರ್ಕ ಗಟ್ಟಿ. ಆದರೆ ಕಛೇರಿ ಕೇಳಿ ಬೆಳೆದವರಿಗೆ ಇದು ಹಿಡಿಸುವುದಿಲ್ಲ. ಒಂದೇ ಕೀರ್ತನೆಗೆ ಎರಡು ಪಾಠಾಂತರ ಇರುತ್ತವೆ, ಒಬ್ಬರು ಐದು ಸಂಗತಿ ಹಾಡಿದರೆ ಇನ್ನೊಬ್ಬರು ಎಂಟು ಹಾಡುತ್ತಾರೆ, ಲಿಪಿಗೆ ಸಿಕ್ಕದ ಗಮಕದಲ್ಲೇ ರಾಗದ ಜೀವ ಇರುತ್ತದೆ. ಪುರಂದರದಾಸರ ಪದಗಳ ಮೂಲ ಮಟ್ಟುಗಳು ಬಹುಪಾಲು ಕಳೆದುಹೋಗಿವೆ. ಇಂದು ಹಾಡುವ ಎಷ್ಟೋ ರಾಗಗಳು ಆಮೇಲಿನವರು ಕೂಡಿಸಿದ್ದು. ಆದರೂ ಅದು ದಾಸರ ಪದವೇ. ನಮ್ಮಲ್ಲಿ ಕೃತಿಯ ಗುರುತು ಬರವಣಿಗೆಯಲ್ಲಷ್ಟೇ ಇಲ್ಲ, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿಯುವ ದಾರಿಯಲ್ಲೂ ಇದೆ. ಅವರ ಮಾನದಂಡ ಯೂರೋಪಿನ ವಾದ್ಯವೃಂದದ ಕಾಗದಕ್ಕೆ ಹೊಲಿದ ಅಂಗಿ, ನಮ್ಮ ಮೈಗೆ ಬಿಗಿಯುತ್ತದೆ.

1978ರ 'ವೇಸ್ ಆಫ್ ವರ್ಲ್ಡ್‌ಮೇಕಿಂಗ್' ಬಂದಾಗ ಜಗಳ ಇನ್ನೂ ದೊಡ್ಡದಾಯಿತು. ಲೋಕ ಒಂದೇ ಇದ್ದು ನಾವು ಅದನ್ನು ಹಲವು ಬಗೆಯಲ್ಲಿ ವರ್ಣಿಸುತ್ತೇವೆ ಎನ್ನುವ ಬದಲು, ನಮ್ಮ ವರ್ಣನೆ, ಚಿತ್ರ, ಸಿದ್ಧಾಂತಗಳಿಂದ ಲೋಕಗಳನ್ನೇ ಕಟ್ಟುತ್ತೇವೆ ಎಂದರು. ಭೌತವಿಜ್ಞಾನಿಯ ಲೋಕ, ವ್ಯಾನ್ ಗೋನ ಲೋಕ, ನಾವು ತರಕಾರಿ ಕೊಳ್ಳುವ ಲೋಕ, ಯಾವುದೂ ಇನ್ನೊಂದರ ಅಡಿಯಾಳಲ್ಲ. ಸ್ನೇಹಿತರೇ ಆಗಿದ್ದ ತತ್ವಜ್ಞಾನಿ ಇಸ್ರೇಲ್ ಶೆಫ್ಲರ್, ಹಾಗಾದರೆ ನಕ್ಷತ್ರಗಳನ್ನೂ ನಾವೇ ಮಾಡಿದೆವೇ ಎಂದು ಹಿಡಿದು ಕೇಳಿದರು. ಗುಡ್‌ಮನ್ ಹಿಂಜರಿಯಲಿಲ್ಲ. ನಕ್ಷತ್ರಪುಂಜವನ್ನು ನಾವು ಮಾಡಿದ್ದೇವಲ್ಲ ಎಂದರು: ಆಕಾಶದ ರಾಶಿಯಿಂದ ಕೆಲವನ್ನು ಆರಿಸಿ, ಗೆರೆ ಎಳೆದು, ಒಂದು ಹೆಸರಿಟ್ಟು. ಅದೇ ರೀತಿ ಕೆಲವನ್ನು ಒಟ್ಟುಗೂಡಿಸಿ ಕೆಲವನ್ನು ಬೇರೆಮಾಡಿ ನಕ್ಷತ್ರವನ್ನೂ ಮಾಡಿದ್ದೇವೆ. ಅಮೆರಿಕದವರು ಉದ್ದ ಹಿಡಿಯ ಸೌಟು ಕಂಡಲ್ಲಿ ನಾವು ಸಪ್ತರ್ಷಿಗಳನ್ನು ಕಂಡೆವು, ಆರನೆಯವನ ಪಕ್ಕದ ಮಿಣುಕು ಚುಕ್ಕಿಯಲ್ಲಿ ಅರುಂಧತಿಯನ್ನು ಕಂಡು ಮದುಮಕ್ಕಳಿಗೆ ತೋರಿಸಿದೆವು. ಇಲ್ಲಿಯವರೆಗೆ ನಾನು ಅವರೊಂದಿಗೆ ಬರುತ್ತೇನೆ. ಚುಕ್ಕಿಯ ಬೆಂಕಿಯೂ ನಮ್ಮ ಮಾತಿನಿಂದ ಹೊತ್ತಿತು ಎಂದರೆ ಮನಸ್ಸು ಒಪ್ಪುವುದಿಲ್ಲ. ಆದರೆ ಅವರನ್ನು 'ಏನು ಹೇಳಿದರೂ ನಡೆಯುತ್ತದೆ' ಎನ್ನುವವರ ಸಾಲಿಗೆ ಸೇರಿಸುವುದು ಅನ್ಯಾಯ. ಸರಿಯಾದ ಲೋಕ ಕಟ್ಟುವುದು ಕುರ್ಚಿ ಕಟ್ಟಿದಷ್ಟೇ ಕಷ್ಟ, ಬಹಳಷ್ಟು ಕಟ್ಟೋಣಗಳು ಕೂತ ಕೂಡಲೇ ಮುರಿಯುತ್ತವೆ ಎಂಬ ಎಚ್ಚರ ಅವರ ಬರವಣಿಗೆಯ ಉದ್ದಕ್ಕೂ ಇದೆ. ಸುಳ್ಳು ಹೇಳಿಕೆ ಸುಳ್ಳೇ, ಹೊಂದದ ವಿನ್ಯಾಸ ಹೊಂದದ್ದೇ.

ಈ ವಿಚಾರಗಳನ್ನು ಅವರು ಪುಸ್ತಕದಲ್ಲಿ ಬಿಟ್ಟು ಕೂರಲಿಲ್ಲ. 1967ರಲ್ಲಿ ಹಾರ್ವರ್ಡ್‌ನ ಶಿಕ್ಷಣ ವಿಭಾಗದಲ್ಲಿ ಕಲಾ ಶಿಕ್ಷಣದ ಸಂಶೋಧನೆಗೆ ಒಂದು ತಂಡ ಕಟ್ಟಿದರು. ಕಲೆಯನ್ನು ಕಲಿಸುವುದು ಹೇಗೆ ಎಂಬ ಬಗ್ಗೆ ಇನ್ನೊಬ್ಬರಿಗೆ ದಾಟಿಸಬಲ್ಲಂಥ ಗಟ್ಟಿ ತಿಳಿವಳಿಕೆ ಎಷ್ಟಿದೆ ಎಂದು ನೋಡಿದರೆ ಸೊನ್ನೆ, ಅದಕ್ಕೇ ಹೆಸರು 'ಪ್ರಾಜೆಕ್ಟ್ ಜೀರೋ'. ಮುಂದೆ ಅದನ್ನು ಹೊವರ್ಡ್ ಗಾರ್ಡ್ನರ್ ಮತ್ತು ಡೇವಿಡ್ ಪರ್ಕಿನ್ಸ್ ವಹಿಸಿಕೊಂಡರು. ಬುದ್ಧಿಶಕ್ತಿ ಒಂದಲ್ಲ, ಹಲವು ಎಂಬ ಗಾರ್ಡ್ನರ್ ಮಾತು ಇವತ್ತು ನಮ್ಮ ಶಿಕ್ಷಕರ ತರಬೇತಿಯಲ್ಲೂ ಕೇಳಿಬರುತ್ತದೆ. ಗುಡ್‌ಮನ್ ಸ್ವತಃ ನೃತ್ಯಪ್ರಯೋಗಕ್ಕೂ ಇಳಿದರು. ಹೆಂಡತಿ ಬರೆದ ಐಸ್ ಹಾಕಿ ಆಟದ ರೇಖಾಚಿತ್ರಗಳಿಂದ ಹುಟ್ಟಿದ 'ಹಾಕಿ ಸೀನ್' ಎಂಬ ರಂಗಕೃತಿ 1972ರಲ್ಲಿ ರೂಪುಗೊಂಡಿತು: ಆಟ ಚಿತ್ರವಾಯಿತು, ಚಿತ್ರ ನೃತ್ಯವಾಯಿತು.

ನಮ್ಮ ಶಾಲೆಗಳ ಅಂಕಪಟ್ಟಿಯಲ್ಲಿ ಚಿತ್ರಕಲೆ, ಸಂಗೀತ ಇವತ್ತಿಗೂ ಕೆಳಗಿನ ಗೆರೆಯ ಆಚೆ ಕೂತಿವೆ. ಗಣಿತದ ಪೋರ್ಷನ್ ಮುಗಿಯದಿದ್ದರೆ ಮೊದಲು ಕತ್ತರಿ ಬೀಳುವುದು ಡ್ರಾಯಿಂಗ್ ಪೀರಿಯಡ್ಡಿಗೆ. ಮಕ್ಕಳಿಗೆ ಮನರಂಜನೆ ತಪ್ಪಿತು ಎಂಬುದಷ್ಟೇ ಇದರ ನಷ್ಟವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ತಪ್ಪುತ್ತಿರುವುದು ಒಂದು ಬಗೆಯ ಓದು. ಗೆರೆಯ ಎಲ್ಲ ಗುಣಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಓದನ್ನು ಹತ್ತು ವರ್ಷದ ಮಗು ಕಲಿಯದಿದ್ದರೆ ಆಮೇಲೆ ಯಾವ ಟ್ಯೂಷನ್ನಿನಲ್ಲಿ ಕಲಿಯುತ್ತದೆ?

ಕಲೆ ಎಂದರೇನು ಎಂಬ ಹಳೆಯ ಪ್ರಶ್ನೆಯನ್ನು ಗುಡ್‌ಮನ್ ಬದಲಿಸಿ, ಕಲೆ ಯಾವಾಗ ಎಂದು ಕೇಳಿದರು. ಮನೆಮುಂದಿನ ದಾರಿಯ ಕಲ್ಲು ಬರೀ ಕಲ್ಲು. ಅದನ್ನೇ ಸಂಗ್ರಹಾಲಯದಲ್ಲಿಟ್ಟಾಗ ತನ್ನ ಆಕಾರ, ಬಣ್ಣ, ತರಿಗಳನ್ನು ಎತ್ತಿ ತೋರಿಸತೊಡಗಬಹುದು. ರೆಂಬ್ರಾಂಟನ ಚಿತ್ರವನ್ನು ಒಡೆದ ಕಿಟಕಿಗೆ ಅಡ್ಡ ಇಟ್ಟರೆ, ಅಷ್ಟು ಹೊತ್ತು ಅದು ಹಲಗೆಯ ಕೆಲಸ ಮಾಡುತ್ತದೆ.

ಹೋದ ತಿಂಗಳು ಅಮ್ಮನ ಹಳೆಯ ರಿಪೋರ್ಟುಗಳ ಫೈಲು ತೆಗೆದೆ. ಬೇರೊಬ್ಬ ಡಾಕ್ಟರಿಗೆ ತೋರಿಸಬೇಕಿತ್ತು. ಆ ಇಸಿಜಿ ಸಿಕ್ಕಿತು. ಬಿಸಿಗೆ ಕಪ್ಪಾಗುವ ಕಾಗದ ಅದು, ವರ್ಷ ಕಳೆದಂತೆ ಮಾಸುತ್ತದೆ. ಪ್ಲಾಸ್ಟಿಕ್ ಕವರಿಗೆ ಒತ್ತಿಕೊಂಡಿದ್ದ ಕಡೆ ಹೆಚ್ಚೇ ಮಾಸಿತ್ತು. ಹೊಸ ಡಾಕ್ಟರು ಅದನ್ನು ಒಮ್ಮೆ ಓರೆ ಮಾಡಿ ನೋಡಿ, ಇದು ಉಪಯೋಗಕ್ಕೆ ಬರಲ್ಲ, ಹೊಸದು ತೆಗೆಯೋಣ ಎಂದು ವಾಪಸು ಕೊಟ್ಟರು. ಅಮ್ಮ ಒಳಗೆ ಮಲಗಿದ್ದಳು. ಹೊರಗೆ ಬೆಂಚಿನ ಮೇಲೆ ಕೂತು ನಾನು ಪಟ್ಟಿಯನ್ನು ಮಂಡಿಯ ಮೇಲೆ ಹರಡಿಕೊಂಡೆ. ಗುಲಾಬಿ ಚೌಕಗಳು ಉಳಿದಿದ್ದವು. ಗೆರೆ ಕಂದಾಗಿ, ಕೆಲವು ಕಡೆ ಬರೀ ಉಸಿರಿನಷ್ಟು ತೆಳುವಾಗಿ, ಏರಿ ಇಳಿಯುತ್ತಿತ್ತು. ಅಂದು ನಾನು ಬೆರಳಿಟ್ಟು ತೋರಿಸಿದ ಜಾಗ ಹುಡುಕಿದೆ. ದಪ್ಪಗಿದ್ದಲ್ಲಿ ಇನ್ನೂ ಕಪ್ಪು ಉಳಿದಿತ್ತು. ಒಳಗಿನಿಂದ ಸಿಸ್ಟರ್ ದನಿ ಕೇಳಿಸಿತು, ಕೈ ಸಡಿಲ ಬಿಡಿ ಅಮ್ಮಾ ಎಂದು.